ಸ್ವಂತ ಕಿರುಪ್ರಬಂಧದ ತಪ್ಪುಗಳು ನನ್ನ ಕಣ್ಣಿಗೇ ಬೀಳುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಎಂ.ಎ. ಇತಿಹಾಸ ವಿದ್ಯಾರ್ಥಿನಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಬಾದಾಮಿ ಚಾಲುಕ್ಯರ ಶಾಸನಗಳನ್ನು ಕುರಿತ ನನ್ನ ಎಂಬತ್ತು ಪುಟಗಳ ಕಿರುಪ್ರಬಂಧವನ್ನು ಇನ್ನು ಹದಿನೈದು ದಿನಗಳಲ್ಲಿ ಒಪ್ಪಿಸಬೇಕಾಗಿದೆ. ಕರಡನ್ನು ಕಂಪ್ಯೂಟರಿನಲ್ಲಿಯೇ ಮೂರು ಸಲ ಓದಿ, ತಪ್ಪಿಲ್ಲವೆಂದು ನಂಬಿ ಮಾರ್ಗದರ್ಶಕರ ಕೈಗೆ ಕೊಟ್ಟೆ. ಅವರು ನಿಂತಲ್ಲಿಯೇ ಮೊದಲ ಪುಟದ ‘ಅದ್ಯಯನ’, ‘ವಿಷೇಶ’ ಎಂಬ ಎರಡು ಪದಗಳಿಗೆ ಕೆಂಪು ಸುತ್ತು ಹಾಕಿ, ‘ಬಾದಾಮಿಯ ಕೋಟಿ’ ಎಂದಿದ್ದುದನ್ನು ಕಂಡು “ಎಷ್ಟು ಕೋಟಿ?” ಎಂದು ಕೇಳಿ ನಕ್ಕರು. ಮನೆಯಲ್ಲಿ ಆಡುವ ಮಾತು ಬೆರಳಿಗೂ ಇಳಿದುಬಿಟ್ಟಿತ್ತು. ಇದಲ್ಲದೆ ಕೆಲವೆಡೆ ಬಿಜಾಪುರ, ಕೆಲವೆಡೆ ವಿಜಯಪುರ ಎಂದು ಬರೆದಿದ್ದೇನೆ. ಎಲ್ಲವನ್ನೂ ಒಂದೇ ಸಲಕ್ಕೆ ವಿಜಯಪುರ ಎಂದು ಬದಲಿಸಿಬಿಡಬಹುದೇ? ಹಣ ಕೊಟ್ಟು ತಿದ್ದಿಸುವ ಅನುಕೂಲ ನನಗಿಲ್ಲ.

ಉತ್ತರ 1: ಉಪನ್ಯಾಸಕ, ಬಾಗಲಕೋಟೆ

ಆ ‘ಎಲ್ಲವನ್ನೂ ಬದಲಿಸು’ ಗುಂಡಿಯನ್ನು ದಯವಿಟ್ಟು ಒತ್ತಬೇಡಿ. ನಾನು ಒತ್ತಿದ್ದೆ, ಆದ್ದರಿಂದ ಹೇಳುತ್ತಿದ್ದೇನೆ. 1884ರ ಬಾಂಬೆ ಗೆಜೆಟಿಯರಿನ ಬಿಜಾಪುರ ಸಂಪುಟ ನನ್ನ ಅಡಿಟಿಪ್ಪಣಿಯಲ್ಲಿ ‘ವಿಜಯಪುರ ಸಂಪುಟ’ವಾಗಿ ಅಚ್ಚಾಯಿತು. ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮುಂಚಿನ ಗ್ರಂಥಗಳ ಹೆಸರನ್ನಾಗಲಿ, ಉದ್ಧರಿಸಿದ ವಾಕ್ಯಗಳನ್ನಾಗಲಿ ಮುಟ್ಟುವ ಹಕ್ಕು ನಮಗಿಲ್ಲ.

ನಿಮ್ಮ ವಿಷಯದಲ್ಲಿ ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಬಾಗಲಕೋಟೆ ಬಿಜಾಪುರದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ವಿದ್ವಾಂಸರು ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ‘ಬಿಜಾಪುರ ಜಿಲ್ಲೆ’ಯವು ಎಂದು ಬರೆದದ್ದು ಸರಿಯಾಗಿಯೇ ಇದೆ, ನೀವು ಅದನ್ನು ‘ವಿಜಯಪುರ ಜಿಲ್ಲೆ’ ಎಂದು ತಿದ್ದಿದರೆ ಕಾಗುಣಿತವೇನೋ ಹೊಸದಾಗುತ್ತದೆ, ಸಂಗತಿ ಸುಳ್ಳಾಗುತ್ತದೆ. ಒಂದೊಂದನ್ನೂ ಹುಡುಕಿ, ನಿಂತು, ಓದಿ ನಿರ್ಧರಿಸಿ. ಇಸವಿಗಳನ್ನೂ ಹಾಗೆಯೇ ನೋಡಬೇಕು: ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಳೇಶನ ಶಾಸನ ಶಕ 500, ಅಂದರೆ ಕ್ರಿ.ಶ. 578; ಐಹೊಳೆಯ ರವಿಕೀರ್ತಿಯ ಶಾಸನ ಶಕ 556, ಅಂದರೆ 634-35. ಎರಡನೆಯ ಅಧ್ಯಾಯದಲ್ಲಿ 634 ಎಂದಿದ್ದು ನಾಲ್ಕನೆಯದರಲ್ಲಿ 643 ಆಗಿದ್ದರೆ ಅದನ್ನು ಕಾಗುಣಿತ ನೋಡುವ ಯಂತ್ರ ತೋರಿಸಿಕೊಡುವುದಿಲ್ಲ.

ಇನ್ನೊಂದು ಮಾತು. ಯಾವ ಪ್ಯಾರಾ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ. ಕಿತ್ತುಹಾಕುವ ಪ್ಯಾರಾದ ಒತ್ತಕ್ಷರ ತಿದ್ದುತ್ತ ಕೂರಬೇಡಿ.

ಉತ್ತರ 2: ನಿವೃತ್ತ ಕರಡು ತಿದ್ದುವವ, ಬೆಳಗಾವಿ

ತಂಗಿ, ಬರೆದವರ ಕಣ್ಣು ಹಾಳೆಯ ಮೇಲಿರುವುದನ್ನು ಓದದೆ ತಲೆಯಲ್ಲಿರುವುದನ್ನು ಓದುತ್ತದೆ. ನಮ್ಮ ಮುದ್ರಣಾಲಯದಲ್ಲಿ ಒಬ್ಬರು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಅಚ್ಚಾದ ಕರಡಿನ ಮೇಲೆ ಕಣ್ಣಿಡುತ್ತಿದ್ದರು. ನೀವೂ ಮುದ್ರಿಸಿಕೊಂಡು, ಸಾಲಿನ ಕೆಳಗೆ ಪಟ್ಟಿ ಇಟ್ಟು, ಮನೆಯವರಿಂದ ಓದಿಸಿ ಕೇಳಿ. ಓದುವವರಿಗೆ ಇತಿಹಾಸ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅವರು ಊಹಿಸಿ ಓದಲಾರರು.

ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುವುದು ಬೆರಳಚ್ಚಿನವರ ಹಳೆಯ ಚಾಳಿ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ‘ಮಂಗಳೇಶ’ ಮತ್ತು ‘ಮ೦ಗಳೇಶ’ ಬೇರೆ ಬೇರೆ ಪದಗಳು. ಹುಡುಕುವ ಜಾಗದಲ್ಲಿ ಬರೀ ೦ ಒತ್ತಿ ನೋಡಿ. ಇದನ್ನು ಮೊದಲೇ ಸರಿಪಡಿಸದಿದ್ದರೆ ಮೇಲಿನ ಸರ್ ಹೇಳಿದ ಹುಡುಕಾಟದಲ್ಲಿ ಅರ್ಧ ಪದಗಳು ಸಿಕ್ಕುವುದೇ ಇಲ್ಲ.

ಉತ್ತರ 3: ಸಂಶೋಧನಾ ವಿದ್ಯಾರ್ಥಿ, ವಿಜಯಪುರ

ಬೈಂಡಿಂಗಿಗೆ ಕೊಡುವ ಮುನ್ನ ಪರಿವಿಡಿಯ ಪುಟಸಂಖ್ಯೆಗಳನ್ನು ಮತ್ತೊಮ್ಮೆ ತಾಳೆ ನೋಡಿ. ತಿದ್ದುಪಡಿಯಿಂದ ಪುಟಗಳು ಸರಿದಿರುತ್ತವೆ.

ಪ್ರಶ್ನೆ ಕೇಳಿದವರಿಂದ, ನಾಲ್ಕು ದಿನಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಸೊನ್ನೆಗಳು ರಾಶಿ ರಾಶಿ ಸಿಕ್ಕವು. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಎರಡು ಅಧ್ಯಾಯಗಳ ತುಂಬ ಅವೇ ಇದ್ದವು. ನಿನ್ನೆ ರಾತ್ರಿ ಪಿಯುಸಿ ಓದುತ್ತಿರುವ ತಂಗಿಯನ್ನು ಓದಲು ಕೂರಿಸಿದೆ. ಮೂರನೆಯ ಅಧ್ಯಾಯದ ನಡುವೆ ಅವಳು ಓದು ನಿಲ್ಲಿಸಿ, “ಅಕ್ಕಾ, ಹರ್ಷನು ಪುಲಕೇಶಿಯನ್ನು ಸೋಲಿಸಿದನು ಅಂತ ಬರ್ದೀಯಲ್ಲ, ನಮ್ಮ ಪುಸ್ತಕದಾಗ ಉಲ್ಟಾ ಐತಿ” ಎಂದಳು. ಎರಡು ವಿಭಕ್ತಿ ಪ್ರತ್ಯಯಗಳು ಅದಲುಬದಲಾಗಿದ್ದವು. ಆ ವಾಕ್ಯವನ್ನು ನಾನು ಮೂರು ಸಲ ಓದಿದ್ದೆ, ಮಾರ್ಗದರ್ಶಕರೂ ಒಮ್ಮೆ ಓದಿದ್ದರು.