ಟೆಕ್ಸಾಸ್ ಎಸ್‌ಬಿ 17 ಬಂದ ಮೇಲೆ ಕ್ಯಾಂಪಸ್ ಕನ್ನಡ ಸಂಘದ ದುಡ್ಡು ಎಲ್ಲಿಂದ?

ಖಜಾಂಚಿ_ಟಿಎಕ್ಸ್

ಟೆಕ್ಸಾಸ್‌ನ ಒಂದು ಸರ್ಕಾರಿ ಯೂನಿವರ್ಸಿಟಿ. ರಿಜಿಸ್ಟರ್ ಆದ ಕನ್ನಡ ವಿದ್ಯಾರ್ಥಿ ಸಂಘ. ನವೆಂಬರ್‌ನಲ್ಲಿ ರಾಜ್ಯೋತ್ಸವ, ಹೆಚ್ಚುಕಮ್ಮಿ 200 ಜನ. ಇಷ್ಟು ವರ್ಷದ ಲೆಕ್ಕ ಹೀಗಿತ್ತು: ಸ್ಟೂಡೆಂಟ್ ಸರ್ವಿಸ್ ಫೀ (ವಿದ್ಯಾರ್ಥಿಗಳಿಂದ ಕಡ್ಡಾಯವಾಗಿ ವಸೂಲು ಮಾಡುವ ಶುಲ್ಕ) ನಿಧಿಯಿಂದ ಒಂದಿಷ್ಟು, ಟಿಕೆಟ್‌ನಿಂದ ಒಂದಿಷ್ಟು. ಹಾಲ್ ಬಾಡಿಗೆ ಮನ್ನಾ, ಪೋಸ್ಟರ್ ಪ್ರಿಂಟು, ಸಂಜೆಗೆ ಒಬ್ಬ ಸ್ಟಾಫ್, ಇವೆಲ್ಲ ಮಲ್ಟಿಕಲ್ಚರಲ್ ಆಫೀಸಿನ ಕೋ-ಸ್ಪಾನ್ಸರ್ ಲೆಕ್ಕದಲ್ಲಿ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಡಿಇಐ (ಡೈವರ್ಸಿಟಿ, ಈಕ್ವಿಟಿ, ಇನ್‌ಕ್ಲೂಷನ್) ಆಫೀಸು ನಿಷೇಧಿಸಿದ ಎಸ್‌ಬಿ 17 ಕಾನೂನು ಬಂದ ಮೇಲೆ ಆ ಆಫೀಸೇ ಇಲ್ಲ.

ಗೊತ್ತಾಗಬೇಕಾದ್ದು: ಫೀ ಹಣ ಇನ್ನೂ ಕೇಳಬಹುದಾ? ಹೆಸರಲ್ಲಿ "ಕನ್ನಡ" ಇದ್ದರೆ ತೊಂದರೆಯಾ? ಕಮಿಟಿಯಲ್ಲಿ ಕೆಲವರು "ಸೌತ್ ಏಷ್ಯನ್ ಕಲ್ಚರ್ ಕ್ಲಬ್" ಅಂತ ಬದಲಾಯಿಸೋಣ ಅಂತಿದ್ದಾರೆ. ಅಡ್ವೈಸರ್ ಆಗಿರುವ ಪ್ರೊಫೆಸರ್ ಹಿಂದೇಟು ಹಾಕ್ತಿದ್ದಾರೆ, ಅವರಿಗೆ ಏನು ಹೇಳೋದು? ವಾಟ್ಸಾಪ್ ವಕೀಲರ ಉತ್ತರ ಬೇಡ, ಕಾನೂನಿನಲ್ಲಿ ಬರೆದಿರೋದು ಬೇಕು.

ಕಲಂ_ಓದಿದವಳು

ಕಾನೂನಿನಲ್ಲಿ ಬರೆದಿರುವುದು ನಿಮ್ಮ ಪರವಾಗಿಯೇ ಇದೆ. ಎಸ್‌ಬಿ 17 ಜಾರಿಗೆ ಬಂದದ್ದು 2024ರ ಜನವರಿ 1ಕ್ಕೆ. ಟೆಕ್ಸಾಸ್ ಎಜುಕೇಶನ್ ಕೋಡ್‌ನಲ್ಲಿ 51.3525 ತೆಗೆದು ನೋಡಿ. ಸರ್ಕಾರಿ ಸಂಸ್ಥೆಗಳು ಡಿಇಐ ಆಫೀಸು ಇಟ್ಟುಕೊಳ್ಳುವಂತಿಲ್ಲ, ಆ ಕೆಲಸಕ್ಕೆ ಜನರನ್ನು ನೇಮಿಸುವಂತಿಲ್ಲ, ಜನಾಂಗ, ಬಣ್ಣ, ಎತ್ನಿಸಿಟಿ, ಲಿಂಗ ಗುರುತು, ಲೈಂಗಿಕ ಒಲವು ಇವನ್ನು ಆಧಾರವಾಗಿಟ್ಟ ತರಬೇತಿ, ಕಾರ್ಯಕ್ರಮ ನಡೆಸುವಂತಿಲ್ಲ. ಅದರ ಕೆಳಗೇ ವಿನಾಯಿತಿಗಳ ಪಟ್ಟಿ ಇದೆ: ತರಗತಿಯ ಪಾಠ, ಸಂಶೋಧನೆ ಮತ್ತು ಸೃಜನಶೀಲ ಕೆಲಸ, ಸಂಸ್ಥೆಯಲ್ಲಿ ನೋಂದಾಯಿತವಾದ ಅಥವಾ ಮಾನ್ಯತೆ ಪಡೆದ ವಿದ್ಯಾರ್ಥಿ ಸಂಘದ ಚಟುವಟಿಕೆ, ಅಲ್ಪಾವಧಿಗೆ ಬರುವ ಅತಿಥಿ ಭಾಷಣಕಾರರು ಮತ್ತು ಕಲಾವಿದರು, ಹೀಗೆ. ನೀವು ಮೂರನೆಯದರಲ್ಲಿ ಬರುತ್ತೀರಿ. ನಾಳೆ ಯಕ್ಷಗಾನ ತಂಡ ಕರೆಸಿದರೆ ಅವರು ನಾಲ್ಕನೆಯದರಲ್ಲಿ. (ಅವರ ವೀಸಾ, ಸಂಭಾವನೆಗೆ ಮಾಮೂಲಾಗಿ 30% ತೆರಿಗೆ ಹಿಡಿಯುವುದು, ಅದು ಬೇರೆಯೇ ರಾಮಾಯಣ.)

ಆದರೆ ಸೂಕ್ಷ್ಮ ಇರುವುದು ಇಲ್ಲಿ. ವಿನಾಯಿತಿ ಸಿಕ್ಕಿರುವುದು *ಸಂಘದ* ಚಟುವಟಿಕೆಗೆ. ಅದೇ ರಾಜ್ಯೋತ್ಸವವನ್ನು ಯೂನಿವರ್ಸಿಟಿಯ ಆಫೀಸೊಂದು ತನ್ನ ಬಜೆಟ್‌ನಿಂದ, ತನ್ನ ಸಿಬ್ಬಂದಿಯಿಂದ ನಡೆಸಿದರೆ ಅದು ಸಂಸ್ಥೆಯ ಕಾರ್ಯಕ್ರಮವಾಗುತ್ತದೆ. ಹಾಗಾಗಿ ಕಾನೂನು ನೇರವಾಗಿ ಸಂಘವನ್ನು ಮುಟ್ಟಲಿಲ್ಲ, ಸಂಘ ಒರಗಿಕೊಂಡಿದ್ದ ಗೋಡೆಯನ್ನು ತೆಗೆಯಿತು. ಯುಟಿ ಆಸ್ಟಿನ್‌ನಲ್ಲಿ (ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಾಸ್) ಆದದ್ದೂ ಇದೇ: 2024ರ ಆರಂಭದಲ್ಲಿ ಮಲ್ಟಿಕಲ್ಚರಲ್ ಎಂಗೇಜ್‌ಮೆಂಟ್ ಸೆಂಟರ್ ಮುಚ್ಚಿತು, ಅದರ ಆಸರೆಯಲ್ಲಿದ್ದ ವಿದ್ಯಾರ್ಥಿ ಗುಂಪುಗಳು ಜಾಗ, ಸ್ಟಾಫು, ಹಣ ಮೂರನ್ನೂ ಕಳೆದುಕೊಂಡವು. ಆ ಗುಂಪುಗಳನ್ನು ಯಾರೂ ನಿಷೇಧಿಸಿರಲಿಲ್ಲ.

ಆದ್ದರಿಂದ ಮೊದಲು ನೋಡಬೇಕಾದ್ದು ನಿಮ್ಮ ಸಂಘದ ದರ್ಜೆ. ಕ್ಯಾಂಪಸ್ ಪೋರ್ಟಲ್‌ನಲ್ಲಿ "ರಿಜಿಸ್ಟರ್ಡ್" ಅಂತ ಇದೆಯೋ, "ಸ್ಪಾನ್ಸರ್ಡ್" ಅಂತ ಇದೆಯೋ? ಸ್ಪಾನ್ಸರ್ಡ್ ಅಂದರೆ ಯಾವುದೋ ವಿಭಾಗದ ಕೈಕಾಲು ಎಂದು ಲೆಕ್ಕ. ಆ ವಿಭಾಗಕ್ಕಿರುವ ನಿರ್ಬಂಧ ನಿಮಗೂ ಅಂಟುತ್ತದೆ. ಮೊದಲು ಸ್ಪಾನ್ಸರ್ಡ್ ಇದ್ದುದು ಭಾಗ್ಯ ಅನ್ನುತ್ತಿದ್ದರು, ಈಗ ತಿರುವುಮುರುವು.

ಪ್ರೊಫೆಸರ್ ಹೆದರಿದ್ದರಲ್ಲೂ ಅರ್ಥವಿದೆ. ನಿಯಮ ಮುರಿದ ನೌಕರನನ್ನು ಕೆಲಸದಿಂದ ತೆಗೆಯುವವರೆಗೆ ಶಿಸ್ತು ಕ್ರಮದ ನೀತಿ ಇರಬೇಕು ಎಂದು ಇದೇ ಕಾನೂನು ಸಂಸ್ಥೆಗಳಿಗೆ ಹೇಳುತ್ತದೆ. ರಾಜ್ಯ ಆಡಿಟರ್ ಪ್ರತಿ ಸಂಸ್ಥೆಯನ್ನೂ ನಾಲ್ಕು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ತಪ್ಪು ಸಿಕ್ಕು 180 ದಿನದೊಳಗೆ ಸರಿಪಡಿಸದಿದ್ದರೆ ರಾಜ್ಯದ ಮುಂದಿನ ಎರಡು ವರ್ಷದ ಬಜೆಟ್ ಅವಧಿಯ ಕೆಲವು ಹೆಚ್ಚುವರಿ ಅನುದಾನಗಳು ಸಂಸ್ಥೆಗೆ ಖೋತಾ. ಇಷ್ಟು ದೊಡ್ಡ ಕತ್ತಿ ತಲೆ ಮೇಲೆ ತೂಗುವಾಗ ಲೀಗಲ್ ಆಫೀಸಿನವರು ಕಾನೂನು ಕೇಳದ್ದನ್ನೂ ನಿಲ್ಲಿಸಿಬಿಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಪ್ಲೇಟಿಗೆ_14_ಡಾಲರ್

ದುಡ್ಡಿನ ವಿಷಯ ನಾನು ಹೇಳ್ತೀನಿ.

ಟೆಕ್ಸಾಸ್ ಸ್ಟೂಡೆಂಟ್ ಸರ್ವಿಸ್ ಫೀಗೆ ಬೇರೆಯದೇ ಕಾನೂನಿದೆ, ಅದೇ ಎಜುಕೇಶನ್ ಕೋಡ್‌ನ 54.503. ಸೆಮಿಸ್ಟರ್‌ಗೆ ಒಬ್ಬ ವಿದ್ಯಾರ್ಥಿಗೆ ಗರಿಷ್ಠ 250 ಡಾಲರ್ (ಕೆಲವು ಸಂಸ್ಥೆಗಳಿಗೆ ಪ್ರತ್ಯೇಕ ಕಲಮು ಇದೆ). ಆ ಫೀ ಯಾವುದಕ್ಕೆ ಬಳಸಬಹುದು ಅನ್ನುವ ಪಟ್ಟಿಯಲ್ಲಿ ಕಲಾವಿದರ ಮತ್ತು ಉಪನ್ಯಾಸಗಳ ಸರಣಿ, ಸಾಂಸ್ಕೃತಿಕ ಮನರಂಜನೆ ಸ್ಪಷ್ಟವಾಗಿ ಇವೆ. ಹಂಚಿಕೆಗೆ ಸಲಹೆ ಕೊಡುವ ಸಮಿತಿಯಲ್ಲಿ ಒಂಬತ್ತು ಜನ, ಅದರಲ್ಲಿ ಐವರು ವಿದ್ಯಾರ್ಥಿಗಳು. ಅರ್ಜಿಯಲ್ಲಿ "ಸಾಂಸ್ಕೃತಿಕ ಮನರಂಜನೆ, ಎಲ್ಲ ವಿದ್ಯಾರ್ಥಿಗಳಿಗೂ ಮುಕ್ತ" ಅಂತ ಬರೆದರೆ ನೇರ ಆ ಸಾಲಿಗೇ ಹೋಗಿ ಕೂರುತ್ತೆ.

ಎಡವೋದು ಎಲ್ಲಿ ಅಂದ್ರೆ, ಹೋದ ವರ್ಷದ ಅರ್ಜಿ ಕಾಪಿ-ಪೇಸ್ಟ್ ಮಾಡೋದು. "ಉದ್ದೇಶ" ಕಾಲಂನಲ್ಲಿ ಆಗಿನ ಆಫೀಸಿನವರಿಗೆ ಇಷ್ಟವಾಗಲಿ ಅಂತ "ಡೈವರ್ಸಿಟಿ ಹಾಗೂ ಇನ್‌ಕ್ಲೂಷನ್‌ಗೆ ಉತ್ತೇಜನ" ಅಂತ ಯಾರೋ ಸೇರಿಸಿರ್ತಾರೆ. ಈಗ ಆ ಸಾಲು ಕಂಡರೆ ಕಡತ ಲೀಗಲ್ ಆಫೀಸಿಗೆ ಹೋಗುತ್ತೆ. ಮೂರು ವಾರ ಅಲ್ಲೇ. ಅಷ್ಟರಲ್ಲಿ ಹಾಲ್ ಬುಕಿಂಗ್ ಲ್ಯಾಪ್ಸ್. ಮಾಡೋದನ್ನೇ ಬರೀರಿ: ಎರಡು ಗಂಟೆ ಸಂಗೀತ, ಒಂದು ನಾಟಕ, ಊಟ.

ಇನ್ನೊಂದು, ಮಂಜೂರಾತಿ ಬರೋ ಮೊದಲೇ ಕೇಟರರ್‌ಗೆ ಅಡ್ವಾನ್ಸ್ ಕೊಟ್ಟು ಆಮೇಲೆ ರಿಇಂಬರ್ಸ್ ಕೇಳೋದು. ಫೀ ಹಣ ಯೂನಿವರ್ಸಿಟಿ ಖರೀದಿ ನಿಯಮದ ಪ್ರಕಾರವೇ ಹೊರಗೆ ಬರೋದು: ಮೊದಲು ಕೊಟೇಶನ್, ಆಮೇಲೆ ಮಂಜೂರಾತಿ, ಆಮೇಲೆ ಆರ್ಡರ್. ತಾರೀಕು ಹಿಂದುಮುಂದಾದರೆ ಬಿಲ್ ವಾಪಸ್.

ನಿಮ್ಮ 200 ಜನದ್ದನ್ನೇ ಅಂದಾಜಿಗೆ ಹಾಕೋಣ. ಊಟ ಪ್ಲೇಟಿಗೆ 14 ಡಾಲರ್, ಒಟ್ಟು 2,800. ಹಾಲ್ 900. ಸೌಂಡ್ 400. ಸೆಕ್ಯೂರಿಟಿ ನಾಲ್ಕು ಗಂಟೆಗೆ 240. ಎಲ್ಲ ಸೇರಿ 4,340. ಟಿಕೆಟ್ 10 ಡಾಲರ್ ಇಟ್ಟರೆ 2,000 ಬರುತ್ತೆ, 2,340 ಕೊರತೆ. ಮೊದಲು ಹಾಲ್ ಮನ್ನಾ ಇದ್ದಾಗ ಕೊರತೆ 1,440 ಮಾತ್ರ. ಆ 900ನ್ನು ಕೋ-ಸ್ಪಾನ್ಸರ್ ಇಲ್ಲದೆಯೂ ಇಳಿಸಬಹುದು: ಎಷ್ಟೋ ಕ್ಯಾಂಪಸ್‌ಗಳಲ್ಲಿ ರಿಜಿಸ್ಟರ್ಡ್ ಸಂಘಗಳಿಗೆ ಸ್ಟೂಡೆಂಟ್ ಯೂನಿಯನ್ ಕಟ್ಟಡದಲ್ಲಿ ಬೇರೆ ದರಪಟ್ಟಿ ಇರುತ್ತೆ, ವಾರದ ದಿನ ಪುಕ್ಕಟೆಯೂ ಇರಬಹುದು. ಆ ಸೌಲಭ್ಯ ಚೆಸ್ ಕ್ಲಬ್ಬಿಗೂ ಒಂದೇ, ನಿಮಗೂ ಒಂದೇ, ಹಾಗಾಗಿ ಎಸ್‌ಬಿ 17 ಅದರ ತಂಟೆಗೆ ಬರಲ್ಲ. ಶನಿವಾರವೇ ಆಗಬೇಕು ಅನ್ನೋ ಹಟ ಬಿಟ್ಟರೆ ಆಯ್ತು.

ತಿಂಡಿ ಸ್ಟಾಲ್ ಹಾಕೋದಾದರೆ, ಟೆಕ್ಸಾಸ್‌ನಲ್ಲಿ ಮಾನ್ಯತೆ ಪಡೆದ ಕಾಲೇಜು ಸಂಘಗಳಿಗೆ ತಿಂಗಳಿಗೆ ಒಂದು ದಿನ ಸೇಲ್ಸ್ ಟ್ಯಾಕ್ಸ್ ಇಲ್ಲದೆ ಮಾರೋ ಅವಕಾಶ ಇದೆ. ಎರಡು ದಿನಕ್ಕೆ ಹಬ್ಬಿಸಬೇಡಿ.

ಖಜಾಂಚಿ_ಟಿಎಕ್ಸ್

ಪೋರ್ಟಲ್ ನೋಡಿದೆ, "ರಿಜಿಸ್ಟರ್ಡ್" ಅಂತಲೇ ಇದೆ. ಹೆಸರಿನ ವಿಷಯಕ್ಕೆ ಯಾರೂ ಉತ್ತರಿಸಿಲ್ಲ. ಭಾಷೆ ಎತ್ನಿಸಿಟಿ ಅಲ್ಲವಲ್ಲ, ಕಾನೂನಿನ ಪಟ್ಟಿಯಲ್ಲಿ ಭಾಷೆ ಇಲ್ಲವಲ್ಲ?

ಕಲಂ_ಓದಿದವಳು

ಇಲ್ಲ ನಿಜ. ಆದರೆ ಆ ವಾದದ ಮೇಲೆ ಮನೆ ಕಟ್ಟಬೇಡಿ. ಕನ್ನಡ ಅಂದರೆ ಭಾಷೆಯೋ ಜನವೋ ಎಂಬ ಜಗಳ ನಮ್ಮಲ್ಲೇ ತೀರಿಲ್ಲ, ಟೆಕ್ಸಾಸ್ ಆಡಿಟರ್ ಯಾಕೆ ತೀರಿಸುತ್ತಾರೆ? ನಿಮಗೆ ರಕ್ಷಣೆ ಸಂಘದ ವಿನಾಯಿತಿಯಿಂದ, ಹೆಸರಿನಿಂದಲ್ಲ. ಹೆಸರು ಹಾಗೇ ಇರಲಿ.

ಹೆಸರು ಬದಲಾಯಿಸಿ ಬಚಾವಾಗಲು ಹೊರಟ ಯೂನಿವರ್ಸಿಟಿಗಳಿಗೆ ಏನಾಯಿತು ಗೊತ್ತಲ್ಲ. ಮಸೂದೆ ಮಂಡಿಸಿದ ಸೆನೆಟರ್ ಬ್ರ್ಯಾಂಡನ್ ಕ್ರೈಟನ್ 2024ರ ಮಾರ್ಚ್ ಕೊನೆಗೆ, ಬರೀ ಬೋರ್ಡ್ ಬದಲಿಸಿದರೆ ಸಾಲದು ಎಂಬರ್ಥದ ಪತ್ರ ಬರೆದರು. ಒಂದು ವಾರದಲ್ಲಿ, ಏಪ್ರಿಲ್ 2ಕ್ಕೆ, ಯುಟಿ ಆಸ್ಟಿನ್ ಅದಾಗಲೇ ಹೆಸರು ಬದಲಿಸಿಕೊಂಡಿದ್ದ ವಿಭಾಗವನ್ನೂ ಮುಚ್ಚುತ್ತೇವೆ ಎಂದು ಘೋಷಿಸಿತು. ಅದು ಸಂಸ್ಥೆಯ ಆಫೀಸಿನ ವಿಷಯ, ನಿಮ್ಮದಲ್ಲ. ಆದರೂ ಹೆಸರು ಗುರಾಣಿಯಲ್ಲ ಅನ್ನುವುದಕ್ಕೆ ಸಾಕು.

ಹೆಸರಿಗಿಂತ ಮೊದಲು ಬೈಲಾ ತೆಗೆಯಿರಿ. "ಸದಸ್ಯತ್ವ ಕನ್ನಡಿಗರಿಗೆ ಮಾತ್ರ" ಅಥವಾ "ಕರ್ನಾಟಕ ಮೂಲದವರಿಗೆ" ಎಂದಿದ್ದರೆ ಇವತ್ತೇ ತೆಗೆದುಹಾಕಿ, "ಕನ್ನಡ ಭಾಷೆ, ಸಂಸ್ಕೃತಿಯಲ್ಲಿ ಆಸಕ್ತಿ ಇರುವ ಯಾವುದೇ ವಿದ್ಯಾರ್ಥಿಗೆ" ಎಂದು ಮಾಡಿ. ಸಂಘಗಳು ಎಲ್ಲರಿಗೂ ತೆರೆದಿರಬೇಕು ಎಂದು ಕ್ಯಾಂಪಸ್ ನಿಯಮ ಮಾಡಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ ಕ್ರಿಶ್ಚಿಯನ್ ಲೀಗಲ್ ಸೊಸೈಟಿ ಪ್ರಕರಣದಲ್ಲಿ ಹೇಳಿದೆ. ಎಸ್‌ಬಿ 17 ಇಲ್ಲದಿದ್ದರೂ ಆ ಸಾಲು ಬೇಡ.

ಇನ್ನೊಂದು ಬಾಣ ಬತ್ತಳಿಕೆಯಲ್ಲಿರಲಿ: ಅದೇ ಕೋರ್ಟಿನ ಸೌತ್‌ವರ್ತ್ ಪ್ರಕರಣ, 2000. ವಿಸ್ಕಾನ್ಸಿನ್‌ನಲ್ಲಿ ಕಡ್ಡಾಯ ಚಟುವಟಿಕೆ ಫೀ ವರ್ಷಕ್ಕೆ 331.50 ಡಾಲರ್ ಇತ್ತು, ತಮಗೊಪ್ಪದ ಸಂಘಗಳಿಗೆ ಅದು ಹೋಗಬಾರದು ಎಂದು ಕೆಲವು ವಿದ್ಯಾರ್ಥಿಗಳು ದಾವೆ ಹಾಕಿದರು. ಹಂಚಿಕೆ ಯಾವ ಅಭಿಪ್ರಾಯದ ಪರವೂ ವಾಲದಂತಿದ್ದರೆ ಫೀ ಸರಿ ಎಂದಿತು ಸುಪ್ರೀಂ ಕೋರ್ಟು. ಬಹುಮತದ ಓಟಿನಿಂದ ಒಂದು ಸಂಘದ ಹಣ ಕಡಿಯುವ ಪದ್ಧತಿಯ ಬಗ್ಗೆ ಅನುಮಾನವನ್ನೂ ಎತ್ತಿತು. ಹಾಗಾಗಿ ಸಮಿತಿ ನಿಮಗೆ ಕೊಡದಿದ್ದರೆ "ಯಾವ ಲಿಖಿತ ಮಾನದಂಡದ ಮೇಲೆ?" ಎಂದು ಇಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಬೇಡ.

ಗೇನ್ಸ್‌ವಿಲ್_ಭಟ್ರು

ಟೆಕ್ಸಾಸ್ ಉತ್ತರ ಓದಿ ಬೇರೆ ರಾಜ್ಯದವರು ಅದನ್ನೇ ಅಂಟಿಸಿಕೊಳ್ಳಬೇಡಿ, ಪ್ರತಿ ರಾಜ್ಯದ್ದೂ ಬೇರೆ ಬೇರೆ.

ಫ್ಲೋರಿಡಾ (ಎಸ್‌ಬಿ 266, 2023ರ ಜುಲೈ 1ರಿಂದ): ಡಿಇಐ ಪರ ಪ್ರಚಾರಕ್ಕೂ ರಾಜಕೀಯ, ಸಾಮಾಜಿಕ ಚಳವಳಿಗೂ ರಾಜ್ಯದ ಅಥವಾ ಕೇಂದ್ರದ ಹಣ ಬಳಸುವಂತಿಲ್ಲ. ಆದರೆ ವಿದ್ಯಾರ್ಥಿಗಳೇ ನಡೆಸುವ ಸಂಘಗಳಿಗೆ ಸ್ಟೂಡೆಂಟ್ ಫೀ ಕೊಡಬಹುದು, ಜಾಗ ಬಳಸಲು ಬಿಡಬಹುದು ಎಂದು ಕಾನೂನೇ ಬಾಯಿಬಿಟ್ಟು ಹೇಳಿದೆ. ಎರಡೂ *ಲಿಖಿತ ನೀತಿಯ* ಪ್ರಕಾರ ನಡೆಯಬೇಕು, ಅಷ್ಟೇ. ಟೆಕ್ಸಾಸ್‌ನ ಎಸ್‌ಬಿ 17 ಫೀ ಬಗ್ಗೆ ಮಾತೇ ಆಡಿಲ್ಲ, ವ್ಯತ್ಯಾಸ ಅದು. ಇಲ್ಲಿ ಅರ್ಜಿ ಹಾಕುವಾಗ ಸ್ಟೂಡೆಂಟ್ ಗವರ್ನಮೆಂಟಿನ ಹಣಕಾಸು ಸಂಹಿತೆಯ ಕಲಂ ನಂಬರ್ ನಮೂದಿಸಿದರೆ ಅರ್ಧ ಕೆಲಸ ಮುಗೀತು.

ಅಲಬಾಮ (ಎಸ್‌ಬಿ 129, 2024ರ ಅಕ್ಟೋಬರ್ 1ರಿಂದ): ಇಲ್ಲಿ ಬಿಗಿ. ಸಂಘ ಡಿಇಐ ಕಾರ್ಯಕ್ರಮ ಮಾಡಬಹುದು, ರಾಜ್ಯದ ಹಣ ತಾಗಬಾರದು. ಜೊತೆಗೆ ಪ್ರಾಯೋಜಕರು ಯಾರು ಎಂದು ಕಾರ್ಯಕ್ರಮದಲ್ಲೂ ಜಾಹೀರಾತಿನಲ್ಲೂ ಹೇಳಲೇಬೇಕು. ಪೋಸ್ಟರ್ ಮೂಲೆಯ ಸಣ್ಣಕ್ಷರ ಅಲಬಾಮದಲ್ಲಿ ಕಾನೂನಿನ ವಿಷಯ. ಯೂನಿವರ್ಸಿಟಿ ಆಫ್ ಅಲಬಾಮದಲ್ಲಿ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್‌ಗಿದ್ದ ಕೊಠಡಿ 2024ರ ಆಗಸ್ಟ್‌ನಲ್ಲೇ ಹೋಯಿತು.

ಯೂಟಾದಲ್ಲಿ (ಎಚ್‌ಬಿ 261, 2024ರ ಜುಲೈ 1) ಮೇಲೆ ಹೇಳಿದ ಸ್ಪಾನ್ಸರ್ಡ್/ರಿಜಿಸ್ಟರ್ಡ್ ಲೆಕ್ಕ ಕಣ್ಣೆದುರೇ ಆಯಿತು. ಯೂನಿವರ್ಸಿಟಿ ಆಫ್ ಯೂಟಾದ ಬ್ಲ್ಯಾಕ್ ಸ್ಟೂಡೆಂಟ್ ಯೂನಿಯನ್ ಅಧಿಕೃತ ಪ್ರಾಯೋಜಕತ್ವವನ್ನೇ ಬಿಟ್ಟುಕೊಟ್ಟಿತು. ದುಡ್ಡು ಹೋದರೂ ಬಾಯಿ ಉಳಿಯಲಿ ಎಂಬ ಲೆಕ್ಕ.

ಖಾಸಗಿ ಯೂನಿವರ್ಸಿಟಿಯವರು (ಟೆಕ್ಸಾಸ್‌ನ ರೈಸ್, ಎಸ್‌ಎಂಯು ಥರದವು) ಎಸ್‌ಬಿ 17 ವ್ಯಾಪ್ತಿಗೇ ಬರುವುದಿಲ್ಲ.

ಪ್ಲೇಟಿಗೆ_14_ಡಾಲರ್

ಭಟ್ರು ಪೋಸ್ಟರ್ ಮಾತೆತ್ತಿದ್ದು ಒಳ್ಳೇದಾಯ್ತು. ಟೆಕ್ಸಾಸ್‌ನಲ್ಲೂ ಮೊದಲು ಕಣ್ಣಿಗೆ ಬೀಳೋದು ಅದೇ. ಮೇಲೆ ಯೂನಿವರ್ಸಿಟಿ ಲೋಗೋ, ಕೆಳಗೆ ಹಳೇ ಆಫೀಸಿನ ಹೆಸರು, ಕ್ಯೂಆರ್ ಕೋಡ್ ಹೊಡೆದರೆ ವಿಭಾಗದ ಸರ್ವರ್‌ನಲ್ಲಿರೋ ಪುಟ: ಇಂಥ ಪೋಸ್ಟರ್ ನೋಡಿದವರಿಗೆ ಇದು ಯೂನಿವರ್ಸಿಟಿ ಕಾರ್ಯಕ್ರಮ ಅಂತಲೇ ಅನ್ನಿಸೋದು. ಲೋಗೋ ತೆಗೀರಿ. "ಆಯೋಜನೆ: ಕನ್ನಡ ವಿದ್ಯಾರ್ಥಿ ಸಂಘ, ನೋಂದಾಯಿತ ವಿದ್ಯಾರ್ಥಿ ಸಂಸ್ಥೆ. ಎಲ್ಲರಿಗೂ ಸ್ವಾಗತ" ಅಂತ ಒಂದು ಸಾಲು. ಆರ್‌ಎಸ್‌ವಿಪಿ ಫಾರಂ ಸಂಘದ ಖಾತೆಯಿಂದ.

ಅಡ್ವೈಸರ್‌ಗೆ ಒಂದು ಇಮೇಲ್ ಕಳಿಸಿ, ಅದರ ಕಾಪಿ ಸ್ಟೂಡೆಂಟ್ ಆರ್ಗನೈಸೇಶನ್ ಆಫೀಸಿಗೆ: ಕಾರ್ಯಕ್ರಮದ ತೀರ್ಮಾನ, ಹಣ, ಭಾಷಣಕಾರರ ಆಯ್ಕೆ ವಿದ್ಯಾರ್ಥಿ ಪದಾಧಿಕಾರಿಗಳದ್ದು, ನಿಮ್ಮ ಪಾತ್ರ ಕ್ಯಾಂಪಸ್ ನಿಯಮಾವಳಿಯಲ್ಲಿರುವ ಅಡ್ವೈಸರ್ ಪಾತ್ರ ಮಾತ್ರ, ವಿಭಾಗದ ಹಣ, ಸಹಾಯಕರು, ಝೆರಾಕ್ಸ್ ಯಾವುದೂ ಬಳಕೆಯಾಗಲ್ಲ. ಅವರಿಗೆ ಬೇಕಿರೋದು ಧೈರ್ಯ ಅಲ್ಲ, ಕಡತದಲ್ಲಿಡೋಕೆ ಒಂದು ಕಾಗದ.

ಹೊರಗಿನ ಬ್ಯಾಂಕ್ ಖಾತೆ ತೆಗೆಯೋ ಯೋಚನೆ ಇದ್ದರೆ ಮೊದಲು ಕ್ಯಾಂಪಸ್ ನಿಯಮ ಬಿಡುತ್ತಾ ನೋಡಿ. ಯೂನಿವರ್ಸಿಟಿಯ ಇಐಎನ್ (ಸಂಸ್ಥೆಗಳಿಗೆ ಅಮೆರಿಕದ ತೆರಿಗೆ ಇಲಾಖೆ ಕೊಡೋ ನಂಬರ್) ಬಳಸುವ ಹಾಗಿಲ್ಲ, ಸ್ವಂತದ್ದು ಬೇಕು. ಆನ್‌ಲೈನ್ ಅರ್ಜಿಗೆ ಜವಾಬ್ದಾರನ ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯೂರಿಟಿ ನಂಬರ್) ಅಥವಾ ಐಟಿಐಎನ್ (ವೈಯಕ್ತಿಕ ತೆರಿಗೆ ನಂಬರ್) ಕೇಳುತ್ತೆ. ಎರಡೂ ಇಲ್ಲದ ಎಫ್-1 ವೀಸಾ ವಿದ್ಯಾರ್ಥಿ ಇಐಎನ್ ಅರ್ಜಿಯಾದ ಎಸ್‌ಎಸ್-4 ಫಾರಂ ಫ್ಯಾಕ್ಸ್ ಅಥವಾ ಅಂಚೆಯಲ್ಲಿ ಕಳಿಸಬೇಕು. ಆ ಜವಾಬ್ದಾರ ಪದಾಧಿಕಾರಿ ಬದಲಾದಾಗ 60 ದಿನದೊಳಗೆ 8822-ಬಿ ಫಾರಂನಲ್ಲಿ ತಿಳಿಸಬೇಕು. ಇದನ್ನು ಮರೆತು ಹಳೇ ಖಜಾಂಚಿ ಡಿಗ್ರಿ ಮುಗಿಸಿ ಬೆಂಗಳೂರು ಸೇರಿರ್ತಾನೆ, ಓಟಿಪಿ ಅವನ ಹಳೇ ಅಮೆರಿಕ ನಂಬರಿಗೆ ಹೋಗ್ತಿರುತ್ತೆ. ತೆರಿಗೆ ವಿನಾಯಿತಿ ಬೇಕಾದರೆ 1023-ಇಝಡ್ ಅರ್ಜಿ, ಶುಲ್ಕ 275 ಡಾಲರ್, ಆಮೇಲೆ ಪ್ರತಿ ವರ್ಷ 990-ಎನ್ ವಾರ್ಷಿಕ ವರದಿ. ಮೂರು ವರ್ಷ ಸತತ ತಪ್ಪಿಸಿದರೆ ವಿನಾಯಿತಿ ತಾನಾಗೇ ರದ್ದು. ವರ್ಷಕ್ಕೆ 2,340 ಡಾಲರ್ ಕೊರತೆ ತುಂಬೋಕೆ ಇಷ್ಟೆಲ್ಲ ಬೇಕಾ ಅಂದರೆ, ನನ್ನ ಪ್ರಕಾರ ಬೇಡ. ಊರಿನ ಕನ್ನಡ ಸಂಘಕ್ಕೆ 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ಮಾನ್ಯತೆ, ಇದ್ದರೆ ಅವರೇ ಕೇಟರರ್‌ಗೆ ನೇರವಾಗಿ ಬಿಲ್ ಕಟ್ಟಲಿ. ನಿಮ್ಮ ಖಾತೆಗೆ ದುಡ್ಡೇ ಬರಲ್ಲ, ಲೆಕ್ಕವೂ ಅವರದ್ದೇ.

ಇನ್ನು ಕ್ಯಾಲೆಂಡರ್. ಟೆಕ್ಸಾಸ್ ಹಣಕಾಸು ವರ್ಷ ಸೆಪ್ಟೆಂಬರ್ 1ಕ್ಕೆ ಶುರು, ವಾರ್ಷಿಕ ಹಂಚಿಕೆ ಸಾಮಾನ್ಯವಾಗಿ ಹಿಂದಿನ ಸ್ಪ್ರಿಂಗ್‌ನಲ್ಲೇ ಮುಗಿದಿರುತ್ತೆ. ಈ ನವೆಂಬರ್‌ಗೆ ನಿಮಗೆ ಉಳಿದಿರೋದು ಸ್ಟೂಡೆಂಟ್ ಗವರ್ನಮೆಂಟಿನ ಕಾರ್ಯಕ್ರಮವಾರು ಅನುದಾನ. ಎಷ್ಟೋ ಕಡೆ ಅದು ಮೊದಲು ಬಂದವರಿಗೆ ಮೊದಲು. ಕ್ಲಾಸ್ ಶುರುವಾದ ಮೊದಲ ವಾರವೇ ಮೂರು ಕೊಟೇಶನ್ ಹಿಡಿದು ಹೋಗಿ.

ಖಜಾಂಚಿ_ಟಿಎಕ್ಸ್

ಬೈಲಾ ತೆಗೆದೆ. "ಕರ್ನಾಟಕ ಮೂಲದ ವಿದ್ಯಾರ್ಥಿಗಳಿಗಾಗಿ" ಅಂತಲೇ ಇದೆ. ತಿದ್ದುಪಡಿಗೆ ಮೂರನೇ ಎರಡು ಬಹುಮತ ಬೇಕು, ಶುಕ್ರವಾರ ಮೀಟಿಂಗ್ ಕರೀತೀನಿ.