ಕುಟುಂಬದ ಗುಂಪಿಗೆ ಸ್ವೀಡನ್ ಬಂದ ರಾತ್ರಿ

ರಾತ್ರಿ ಒಂಬತ್ತರ ಹೊತ್ತಿಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು: "ಸ್ವೀಡನ್‌ನ ಎಲ್ಲ ಶಾಲೆಗಳಲ್ಲಿ ಕಂಪ್ಯೂಟರ್ ನಿಷೇಧ! ಕೈಬರಹದಿಂದ ಮಾತ್ರ ಬುದ್ಧಿ ಬೆಳೆಯುತ್ತದೆ ಎಂದು ವಿಜ್ಞಾನಿಗಳ ತೀರ್ಮಾನ. ಎಲ್ಲರಿಗೂ ತಲುಪಿಸಿ." ಕೆಳಗೆ ಕೈಮುಗಿಯುವ ಮೂರು ಚಿತ್ರ. ಅಕ್ಕ ತನ್ನ ತರಗತಿಗೆಂದು ಬ್ಲಾಗ್ ನಡೆಸುತ್ತಿರುವುದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಚಿಕ್ಕಮ್ಮ: ಕನ್ನಡಕ ಸಿಗುತ್ತಿಲ್ಲ, ಪೂರ್ತಿ ಓದಲಾಗಲಿಲ್ಲ. ಆದರೆ ನೂರಕ್ಕೆ ನೂರು ನಿಜ.

ಭಾವ: ಮಾವ, ಇದರ ಮೂಲ ಯಾವುದು?

ದೊಡ್ಡಪ್ಪ: ಅಳಿಯಂದಿರಿಗೆ ಎಲ್ಲದಕ್ಕೂ ಸಾಕ್ಷಿ ಬೇಕು. ಮದುವೆಯ ಮಾತುಕತೆಯಲ್ಲಿ ನಾವು ನಿಮ್ಮ ಸಂಬಳದ ಚೀಟಿ ಕೇಳಿದ್ದೆವೇ?

ಭಾವ: ಚೀಟಿ ಕೇಳಲಿಲ್ಲ. ನೇರವಾಗಿ ಕಚೇರಿಗೇ ಬಂದು ವಿಚಾರಿಸಿದಿರಿ.

ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಭಾವನೇ ಉದ್ದನೆಯದೊಂದು ಬರೆದರು. ಅವರ ಸಂದೇಶಕ್ಕೆ ಯಾವಾಗಲೂ 'ಇನ್ನಷ್ಟು ಓದಿ' ಎಂಬ ಬಾಲವಿರುತ್ತದೆ. ಅದನ್ನು ಒತ್ತುವವನು ಬಹುಶಃ ನಾನೊಬ್ಬನೇ.

ಭಾವ: 2023ರಲ್ಲಿ ಸ್ವೀಡನ್ ಸರ್ಕಾರ ಶಾಲೆಗಳಿಗೆ ಮುದ್ರಿತ ಪುಸ್ತಕ ಕೊಳ್ಳಲು ಹಣ ಕೊಟ್ಟಿತು. ಪುಟ್ಟ ಮಕ್ಕಳ ಶಾಲೆಗಳಲ್ಲಿ ಡಿಜಿಟಲ್ ಸಾಧನ ಇರಲೇಬೇಕೆಂಬ ಕಡ್ಡಾಯದಿಂದ ಹಿಂದೆ ಸರಿಯಿತು. ಕಂಪ್ಯೂಟರ್ ನಿಷೇಧಿಸಲಿಲ್ಲ. ಕೈಬರಹದ ಸಂಶೋಧನೆ 2014ರದು, ಅದೂ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ. ಕೈಯಲ್ಲಿ ಟಿಪ್ಪಣಿ ಬರೆದುಕೊಂಡವರಿಗೆ ಪಾಠ ಹೆಚ್ಚು ಚೆನ್ನಾಗಿ ಅರ್ಥವಾಗಿತ್ತು. ಲ್ಯಾಪ್‌ಟಾಪ್‌ನವರು ಉಪನ್ಯಾಸವನ್ನು ಕೇಳಿದ ಹಾಗೆಯೇ ಇಳಿಸಿಕೊಂಡರು, ಕೈಯಲ್ಲಿ ಬರೆದವರು ತಮ್ಮ ಮಾತಿಗೆ ತಿರುಗಿಸಿಕೊಂಡರು ಎಂಬುದು ಅದರ ವಿವರಣೆ. 2019ರಲ್ಲಿ ಬೇರೆಯವರು ಮತ್ತೆ ಮಾಡಿ ನೋಡಿದಾಗ ಅಷ್ಟು ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ಸಿನಿಮಾ ಬಂತು, ಶಾಲೆಯಲ್ಲಿ ಇನ್ನು ಪುಸ್ತಕಕ್ಕೆ ಕೆಲಸವಿಲ್ಲ ಎಂದು ಎಡಿಸನ್ 1913ರಲ್ಲಿ ಹೇಳಿದ್ದರು. ಅದೂ ಆಗಲಿಲ್ಲ.

ಚಿಕ್ಕಮ್ಮನ ಮಗ: ಎಡಿಸನ್ ಎಂದ ಕೂಡಲೇ ನಮ್ಮ ವಿಜ್ಞಾನದ ಮೇಷ್ಟರು ನೆನಪಾದರು! ಡಸ್ಟರ್ ಎಸೆದರೆ ಕೊನೆಯ ಬೆಂಚಿನವರೆಗೂ ಗುರಿ ತಪ್ಪುತ್ತಿರಲಿಲ್ಲ. ಬಳಪ ತಿಂದವರು ಯಾರ್ಯಾರು, ಕೈಯೆತ್ತಿ.

ಆರು ಕೈಗಳು ಎದ್ದವು.

ದೊಡ್ಡಪ್ಪ: ನಗಬೇಡಿ. ಆ ಏಟಿನಿಂದಲೇ ಅಕ್ಷರ ದುಂಡಗಾದದ್ದು. ಈಗಿನ ಮಕ್ಕಳಿಗೆ ಗುರುಭಕ್ತಿಯೂ ಇಲ್ಲ, ಕಾಗುಣಿತವೂ ಇಲ್ಲ.

ಚಿಕ್ಕಮ್ಮ: ಪಾಠಕ್ಕೆ ಲ್ಯಾಪ್‌ಟಾಪ್ ಬೇಕೇ ಬೇಕು ಎಂದು ನಮ್ಮ ಕೈಯಲ್ಲಿ ದುಡ್ಡು ಹಾಕಿಸಿದವರು ಯಾರು? ನಾನು ಹೆಸರು ಹೇಳುವುದಿಲ್ಲ.

ಭಾವ: ಹೇಳಿದವನು ನಾನೇ, ಅತ್ತೆ. ಅದರಲ್ಲಿ ಆಟ ತುಂಬಿಸಿದವನು ನಾನಲ್ಲ.

ಬಳಪದ ಸ್ಮರಣೆ ಅಲ್ಲಿಗೆ ನಿಂತಿತು.

ಅಕ್ಕ: ನನ್ನನ್ನೂ ಒಂದು ಮಾತು ಕೇಳಬಹುದಿತ್ತು. ನನ್ನ ಮಕ್ಕಳು ಮೊದಲು ನೋಟ್‌ಪುಸ್ತಕದಲ್ಲೇ ಬರೆಯುತ್ತಾರೆ, ಆಮೇಲೆ ಬ್ಲಾಗಿಗೆ ಹಾಕುತ್ತಾರೆ. ಒಬ್ಬ ಹುಡುಗ "ಗೋಡೆಯ ಮೇಲೆ ತುಂಬಾ ಇರುವೆಗಳಿದ್ದವು" ಎಂದು ಬರೆದಿದ್ದ. ಕೆಳಗೆ ಒಬ್ಬಳು "ತುಂಬಾ ಎಂದರೆ ಎಷ್ಟು? ಎಣಿಸಿದೆಯಾ?" ಎಂದು ಕೇಳಿದಳು. ಮರುದಿನ ಅವನು ಗೋಡೆಯ ಬಳಿ ಕುಳಿತು, ನಿಮಿಷಕ್ಕೆ ಎಷ್ಟು ದಾಟುತ್ತವೆ ಎಂದು ಎಣಿಸಿ, ಇಡೀ ಬರಹವನ್ನೇ ಬದಲಿಸಿದ. ವರ್ಷವಿಡೀ ನಾನು ಕೆಂಪು ಶಾಯಿಯಲ್ಲಿ 'ವಿವರ ಸಾಲದು' ಎಂದು ಬರೆದಾಗ ಅವನು ಕುಳಿತಲ್ಲಿಂದ ಎದ್ದಿರಲಿಲ್ಲ. ದಿನವೂ ಹೀಗಾಗುವುದಿಲ್ಲ ಬಿಡಿ, ಎಷ್ಟೋ ತರಗತಿಗಳು ಪಾಸ್‌ವರ್ಡ್ ಮರೆತವರ ಹಿಂದೆಯೇ ಮುಗಿದುಹೋಗುತ್ತವೆ. ಕೊಂಡಿ ಹಾಕಿದ್ದೇನೆ, ಓದಿ.

ಇಪ್ಪತ್ತು ನಿಮಿಷದ ಮೇಲೆ ದೊಡ್ಡಪ್ಪ ಬಂದರು.

ದೊಡ್ಡಪ್ಪ: ಮೂರನೆಯ ಸಾಲಿನಲ್ಲಿ 'ಹಿರುವೆ' ಎಂದಿದೆ. ಅಕಾರಕ್ಕೂ ಹಕಾರಕ್ಕೂ ಭೇದವಿಲ್ಲ. ನಾನು ಹೇಳಿದ್ದು ಇದನ್ನೇ.

ಅಕ್ಕ: ನನ್ನ ಕಣ್ಣಿಗೂ ತಪ್ಪಿದೆ. ಬರಹದ ಕೆಳಗೆ ಪೆಟ್ಟಿಗೆ ಇದೆ, ಅಲ್ಲೇ ಬರೆಯಿರಿ. ಹುಡುಗನಿಗೇ ತಲುಪುತ್ತದೆ.

ದೊಡ್ಡಪ್ಪ: ಬರೆದೆ. ಕಾಣಿಸುತ್ತಿಲ್ಲ.

ಅಕ್ಕ: ನಾನು ನೋಡಿ ಒಪ್ಪಿಗೆ ಕೊಟ್ಟ ಮೇಲೆ ಕಾಣಿಸುತ್ತದೆ ದೊಡ್ಡಪ್ಪ. ಮಕ್ಕಳ ಜಾಗವಲ್ಲವೇ, ಯಾರು ಏನೇ ಬರೆದರೂ ಹಾಗೆಯೇ.

ದೊಡ್ಡಪ್ಪ: ನನ್ನ ಮಾತಿಗೂ ನಿನ್ನ ಒಪ್ಪಿಗೆ ಬೇಕೇ?

ಭಾವ ಆ ಸಂದೇಶಕ್ಕೆ ಒಂದು ನಗುಮುಖ ಅಂಟಿಸಿ, ತಕ್ಷಣವೇ ತೆಗೆದರು.