ಲೋ ಹಾಕಿ ಇಳಿಯುವಾಗ ಲಿವರ್ ಬಿಟ್ಟುಕೊಳ್ಳುತ್ತದೆ, ಯಾರಾದರೂ ದಾರಿ ಹೇಳಿ

ತೋಟದಜೀಪು
ನಮಸ್ಕಾರ. ಜೀಪ್ ತಲೆ ತಿಂದು ಹಾಕಿದೆ. ಲೋ, ಅಂದರೆ ಫೋರ್ ವೀಲ್‌ನ ನಿಧಾನದ, ಜಾಸ್ತಿ ಬಲದ ಗೇರ್, ಹಾಕಿಕೊಂಡು ತೋಟದ ದಾರಿ ಇಳಿಯುವಾಗ ಟಕ್ ಅಂತ ಲಿವರ್ ನ್ಯೂಟ್ರಲ್‌ಗೆ ಬಂದುಬಿಡುತ್ತದೆ. ಹಿಂದೆ ಕಾಫಿ ಮೂಟೆ, ಎದುರಿಗೆ ತಿರುವು, ಕೆಳಗೆ ಹಳ್ಳ. ಈಗ ನಾನು ಇಳಿಯುವಾಗೆಲ್ಲ ಪಕ್ಕದಲ್ಲಿ ನಮ್ಮ ರೈಟರ್ ಕೂತು ಎರಡೂ ಕೈಯಲ್ಲಿ ಲಿವರ್ ಒತ್ತಿ ಹಿಡಿಯುತ್ತಾರೆ. ಮೆಕ್ಯಾನಿಕ್ ಏನೋ ಬಿಚ್ಚಿ ಹಾಕಿದ, ದುಡ್ಡು ತೆಗೆದುಕೊಂಡ, ಮತ್ತೆ ಅದೇ ಕಥೆ. ಗುಜರಿಗೆ ಹಾಕಬೇಕಾ?

ಗ್ರೀಸ್‌ಕೈ
ಯಾವ ಜೀಪ್ ಮಾರಾಯ್ರೆ? ಜೀಪ್ ಅಂದರೆ ನೂರು ಥರ ಇವೆ.

ಘಾಟಿಗುರು
ಯಾವುದೇ ಆಗಲಿ, ಇದು ಸ್ಪ್ರಿಂಗ್. ಲಿವರ್ ಸರಿಸುವ ಶಿಫ್ಟ್ ರಾಡ್ ಮೇಲೆ ಕೂತು ಅದನ್ನು ಜಾಗದಲ್ಲಿ ಹಿಡಿಯುವ ಬಾಲ್ ಮತ್ತು ಸ್ಪ್ರಿಂಗ್ ಸೋತಿವೆ. ಮೇಲಿನ ಪ್ಲಗ್ ಬಿಚ್ಚಿ, ಹೊಸದು ಹಾಕಿ, ಮುಗಿಯಿತು. ನನ್ನ ಸಿಜೆ340ಗೆ ಇದೇ ಆಗಿತ್ತು.

ತೋಟದಜೀಪು
ಎಂಎಂ540, ಪೂಜೋ ಇಂಜಿನ್. ಮೆಕ್ಯಾನಿಕ್ ಬದಲಾಯಿಸಿದ್ದೇ ಆ ಸ್ಪ್ರಿಂಗ್ ಸರ್.

ಘಾಟಿಗುರು
ಹಾಗಾದರೆ ಲೋಕಲ್ ಸ್ಪ್ರಿಂಗ್ ಹಾಕಿದ್ದಾನೆ. ಒಳ್ಳೆಯದು ತರಿಸಿ. ಇಲ್ಲದಿದ್ದರೆ ಕೆಳಗೆ ಒಂದು ವಾಷರ್ ಪ್ಯಾಕಿಂಗ್ ಕೊಡಿ, ಬಿಗಿ ಬರುತ್ತದೆ.

ಗ್ರೀಸ್‌ಕೈ
ವಾಷರ್ ಹಾಕಿ ಬಿಗಿ ಮಾಡಿದರೆ ಲಿವರ್ ಹಾಕೋದಕ್ಕೆ ಇಬ್ಬರು ಬೇಕು. ರೋಗ ಒಳಗೇ ಇರುತ್ತದೆ.
ತೋಟದಜೀಪು, ಇಷ್ಟು ಹೇಳಿ. ಗೇರ್‌ಬಾಕ್ಸ್ ನಾಲ್ಕು ಗೇರಾ ಐದಾ? ಗೇರ್ ಲಿವರ್ ಬಿಟ್ಟು ಫೋರ್ ವೀಲ್‌ಗೆ ಲಿವರ್ ಒಂದಾ ಎರಡಾ? ಹತ್ತುವಾಗಲೂ ಬಿಟ್ಟುಕೊಳ್ಳುತ್ತದಾ, ಬರೀ ಇಳಿಯುವಾಗಲಾ?

ಜಿಪ್ಸಿರಾಜ
ನನ್ನ ಜಿಪ್ಸಿಯಲ್ಲಿ ಇಂಥ ತಾಪತ್ರಯವೇ ಇಲ್ಲ. ಟ್ರಾನ್ಸ್‌ಫರ್ ಕೇಸ್, ಅಂದರೆ ಶಕ್ತಿಯನ್ನು ಹಿಂದಿನ ಮುಂದಿನ ಚಕ್ರಗಳಿಗೆ ಹಂಚುವ, ಹೈ ಲೋ ಬದಲಿಸುವ ಪೆಟ್ಟಿಗೆ, ಗೇರ್‌ಬಾಕ್ಸಿನಿಂದ ಬೇರೆಯೇ ಕೂರುತ್ತದೆ, ನಡುವೆ ಚಿಕ್ಕ ಶಾಫ್ಟ್, ಬಿಚ್ಚೋದೂ ಸುಲಭ. ಈಗಷ್ಟೇ ಮಡ್ ಟೈರ್, ವಿಂಚ್ ಎಲ್ಲ ಹಾಕಿಸಿದ್ದೇನೆ, ಫೋಟೋ ಹಾಕಲಾ?

ತೋಟದಜೀಪು
ನಾಲ್ಕು ಗೇರ್, ಎರಡು ಲಿವರ್. ಹತ್ತುವಾಗ ಏನೂ ಆಗಲ್ಲ, ಮೂಟೆ ತುಂಬಿದ್ದರೂ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟು ಇಂಜಿನ್ ಬ್ರೇಕಿನಲ್ಲಿ ಇಳಿಯುವಾಗ ಮಾತ್ರ. ಹಾಂ, ಗುಂಯ್ ಅಂತ ಒಂದು ಶಬ್ದ ಬಹಳ ದಿನದಿಂದ ಇದೆ. ರಸ್ತೆಯಲ್ಲೂ ಇರುತ್ತದೆ. ಹಳೇ ಗಾಡಿ ಅಲ್ವಾ ಅಂತ ಬರೆದಿರಲಿಲ್ಲ.

ಗ್ರೀಸ್‌ಕೈ
ಮೊದಲು ಹೇಳಬೇಕಾದ್ದು ಇದೇ!
ಎರಡು ಲಿವರ್ ಅಂದರೆ ಹಳೇ ವಿಲ್ಲಿಸ್ ಜೀಪ್ ಕಾಲದ ಸ್ಪೈಸರ್ 18 ಮಾದರಿ ಟ್ರಾನ್ಸ್‌ಫರ್ ಕೇಸ್. ಇದರಲ್ಲಿ ಹೈ ಹಾಕಿದರೂ ನೇರ ಡ್ರೈವ್ ಇಲ್ಲ. ಹೈ ಇರಲಿ ಲೋ ಇರಲಿ, ಟೂ ವೀಲ್ ಇರಲಿ ಫೋರ್ ವೀಲ್ ಇರಲಿ, ಶಕ್ತಿ ಹೋಗುವುದು ನಡುವಿನ ಇಂಟರ್‌ಮೀಡಿಯೇಟ್ ಗೇರ್ ದಾಟಿಯೇ. ಅದು ಒಂದು ಶಾಫ್ಟ್ ಮೇಲೆ ನೀಡಲ್ ಬೇರಿಂಗಿನಲ್ಲಿ ತಿರುಗುತ್ತದೆ, ಆಚೀಚೆ ಅದು ಸರಿಯದ ಹಾಗೆ ತಡೆಯುವ ಥ್ರಸ್ಟ್ ವಾಷರ್. ವರ್ಷಗಟ್ಟಲೆ ಓಡಿದ ಮೇಲೆ ಶಾಫ್ಟ್ ಸವೆಯುತ್ತದೆ, ವಾಷರ್ ತೆಳ್ಳಗಾಗುತ್ತದೆ, ಗೇರ್ ಅತ್ತಿತ್ತ ಸರಿಯತೊಡಗುತ್ತದೆ. ಹತ್ತುವಾಗ ಹಲ್ಲಿನ ಒಂದು ಮುಖಕ್ಕೆ ಭಾರ, ಇಳಿಯುವಾಗ ಇನ್ನೊಂದು ಮುಖಕ್ಕೆ. ಭಾರ ತಿರುಗಿದಾಗ ಗೇರ್ ಓರೆಯಾಗಿ ಲಿವರ್ ಸರಿಸುವ ಸ್ಲೈಡಿಂಗ್ ಗೇರನ್ನು ಆಚೆ ತಳ್ಳುತ್ತದೆ. ಬರೀ ಸ್ಪ್ರಿಂಗ್ ಆಗಿದ್ದರೆ ಗುಂಡಿಗೆ ಬಿದ್ದಾಗ ಹತ್ತುವಾಗಲೂ ಬಿಟ್ಟುಕೊಳ್ಳಬೇಕಿತ್ತು.

ಘಾಟಿಗುರು
ಗೇರ್ ಸರಿಸುವ ಶಿಫ್ಟ್ ಫೋರ್ಕ್ ಬೆಂಡ್ ಆಗಿದ್ದರೂ ಹೀಗೇ ಆಗುತ್ತದೆ. ಲಿವರ್ ಪೂರ್ತಿ ಒಳಗೆ ಕೂರುತ್ತಿಲ್ಲ ಅಷ್ಟೆ. ಸುಮ್ನೆ ಕೇಸ್ ಇಳಿಸಿ ಖರ್ಚು ಮಾಡಿಸಬೇಡಿ. ಅಂದ ಹಾಗೆ ನಾನು ರಾಡ್‌ಗಳ ನಡುವಿನ ಇಂಟರ್‌ಲಾಕ್ ಪಿನ್ ತೆಗೆದುಬಿಟ್ಟಿದ್ದೇನೆ. ಟೂ ವೀಲ್‌ನಲ್ಲೇ ಲೋ ಬೀಳುತ್ತದೆ, ಕಿರಿದಾದ ತಿರುವಿಗೆ ಬೆಸ್ಟ್.

ಬೆಟ್ಟದಹಾದಿ
ಆ ಪಿನ್ ಇಟ್ಟಿರುವುದು ಸುಮ್ನೆ ಅಲ್ಲ ಸ್ವಾಮಿ. ಲೋನಲ್ಲಿ ಸುಮಾರು ಎರಡೂವರೆ ಪಟ್ಟು ಟಾರ್ಕ್ ಬರುತ್ತದೆ. ಅಷ್ಟನ್ನೂ ಹಿಂದಿನ ಆಕ್ಸಲ್ ಒಂದಕ್ಕೇ ಕೊಟ್ಟರೆ ಉಳಿಯುತ್ತದಾ?

ಘಾಟಿಗುರು
ನನ್ನದು ಇನ್ನೂ ಉಳಿದಿದೆ. ಓಡಿಸೋಕೆ ಬರಬೇಕು.

ಬೆಟ್ಟದಹಾದಿ
ಆಯಿತು ಬಿಡಿ, ನೀವೇ ದೊಡ್ಡವರು. ತೋಟದಜೀಪು, ಆಯಿಲ್ ಯಾವುದು ಹಾಕಿದ್ದಾರೆ? ಜಿಎಲ್5 ದರ್ಜೆಯ ಗೇರ್ ಆಯಿಲ್ ಆಗಿದ್ದರೆ ಮೊದಲು ತೆಗೆಸಿ, ಗೇರ್‌ಬಾಕ್ಸಿನಲ್ಲಿ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆ ರಿಂಗ್‌ಗೆ ಒಳ್ಳೆಯದಲ್ಲ.

ಗ್ರೀಸ್‌ಕೈ
ಟ್ರಾನ್ಸ್‌ಫರ್ ಕೇಸಿನಲ್ಲಿ ರಿಂಗ್ ಎಲ್ಲಿದೆ?

ಬೆಟ್ಟದಹಾದಿ
ಗೇರ್‌ಬಾಕ್ಸಿನಲ್ಲಿ ಅಂತಲೇ ಬರೆದಿದ್ದೇನೆ. ನಡುವಿನ ಸೀಲ್ ಸೋತರೆ ಅಲ್ಲಿನ ಆಯಿಲ್ ಇಲ್ಲಿ, ಇಲ್ಲಿನದು ಅಲ್ಲಿ. ಒಂದು ಖಾಲಿ, ಇನ್ನೊಂದು ತುಂಬಿ ತುಳುಕುತ್ತದೆ. ಲೆವೆಲ್ ನೋಡುವಾಗ ಎರಡೂ ಪ್ಲಗ್ ಬಿಚ್ಚಿ.

ಗ್ರೀಸ್‌ಕೈ
ಅದು ಸರಿ. ಈಗ ಖರ್ಚಿಲ್ಲದ ಪರೀಕ್ಷೆ ಕೇಳಿ. ಗಾಡಿ ಸಮತಟ್ಟಿನಲ್ಲಿ ನಿಲ್ಲಿಸಿ, ನಾಲ್ಕು ಚಕ್ರಕ್ಕೂ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ನಂಬಬೇಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಟ್ರಾನ್ಸ್‌ಫರ್ ನ್ಯೂಟ್ರಲ್‌ಗೆ ತಂದು, ಗೇರ್‌ಬಾಕ್ಸ್ ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಡಿ. ಆಗ ಇಂಟರ್‌ಮೀಡಿಯೇಟ್ ತಿರುಗುತ್ತದೆ, ಚಕ್ರಗಳ ಕಡೆ ಶಕ್ತಿ ಕಳಿಸುವ ಔಟ್‌ಪುಟ್ ಶಾಫ್ಟ್ ತಿರುಗಲ್ಲ. ಶಬ್ದ ಇನ್ನೂ ಇದ್ದರೆ ಇಂಟರ್‌ಮೀಡಿಯೇಟ್ ಕಡೆ ನೋಡಿ, ನಿಂತರೆ ಔಟ್‌ಪುಟ್ ಬೇರಿಂಗ್ ಕಡೆ. ಆಮೇಲೆ ಇಂಜಿನ್ ಆಫ್ ಮಾಡಿ ಕೆಳಗೆ ಮಲಗಿ, ಹಿಂದಿನ ಪ್ರಾಪೆಲ್ಲರ್ ಶಾಫ್ಟ್ ಕೂರುವ ಯೋಕ್ ಹಿಡಿದು ಹಿಂದೆ ಮುಂದೆ ಎಳೆಯಿರಿ. ಕೊನೆಗೆ ಆಯಿಲ್ ಇಳಿಸಿ ಬಿಳೀ ಬಟ್ಟೆಯಲ್ಲಿ ಸೋಸಿ.

ಜಿಪ್ಸಿರಾಜ
ನಾಲ್ಕೂ ಟೈರ್ ಒಂದೇ ಸೈಜಾ? ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಿದರೂ ಕೇಸ್ ಒಳಗೆ ಹಿಡಿತ ಬೀಳುತ್ತದೆ.

ಗ್ರೀಸ್‌ಕೈ
ನಿಜ, ಆದರೆ ಹಿಡಿತ ಬಿದ್ದರೆ ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ, ಬಿಟ್ಟುಕೊಳ್ಳಲ್ಲ.

ತೋಟದಜೀಪು
ಮಳೆ ಬಿಟ್ಟಿದ್ದರಿಂದ ಇವತ್ತು ಆಯಿತು. ನ್ಯೂಟ್ರಲ್‌ನಲ್ಲೂ ಗುಂಯ್ ಹಾಗೇ ಇದೆ. ಕ್ಲಚ್ ಒತ್ತಿದರೆ ಇಳಿಯುತ್ತದೆ. ಯೋಕ್ ಎಳೆದರೆ ಸ್ವಲ್ಪ ಆಡುತ್ತದೆ, ಜಾಸ್ತಿ ಅಲ್ಲ. ಆಯಿಲ್ ಕಪ್ಪಗಿತ್ತು. ಬಟ್ಟೆಯಲ್ಲಿ ಹಳದಿ ಚೂರು ಉಳಿಯಿತು, ಚಿನ್ನದ ಪುಡಿ ಥರ, ಉಗುರಿನಲ್ಲಿ ಎತ್ತಿದರೆ ಚಕ್ಕೆ ಸಿಗುತ್ತದೆ. ಅಯಸ್ಕಾಂತಕ್ಕೆ ಅಂಟಲಿಲ್ಲ. ಹ್ಯಾಂಡ್‌ಬ್ರೇಕ್ ಡ್ರಮ್ ಪೂರ್ತಿ ಆಯಿಲ್.

ಗ್ರೀಸ್‌ಕೈ
ಮೂರನೇ ಗೇರಿನಲ್ಲಿ ಗೇರ್‌ಬಾಕ್ಸ್ ಒಳಗೂ ಶಬ್ದ ಬರಬಹುದು, ಹಾಗಾಗಿ ಗುಂಯ್ ಒಂದನ್ನೇ ನಂಬಬೇಡಿ. ಆದರೆ ಅಂಟದ ಹಳದಿ ಚಕ್ಕೆ ಅಂದರೆ ಕಂಚಿನ ಥ್ರಸ್ಟ್ ವಾಷರ್ ಅನ್ನುವುದಕ್ಕೆ ನಾನು ತಯಾರಿದ್ದೇನೆ. ಇನ್ನು ಹ್ಯಾಂಡ್‌ಬ್ರೇಕ್. ಆ ಡ್ರಮ್ ಇರುವುದೇ ಟ್ರಾನ್ಸ್‌ಫರ್ ಕೇಸಿನ ಹಿಂದೆ. ಔಟ್‌ಪುಟ್ ಸೀಲ್ ಸೋರಿ ಲೈನಿಂಗ್ ನೆನೆದಿದೆ. ಅದಕ್ಕೇ ಕಲ್ಲು ಕೊಡಿ ಅಂದದ್ದು.
ಕೇಸ್ ಬಿಚ್ಚಿಸಿ. ಶಾಫ್ಟ್, ನೀಡಲ್ ಬೇರಿಂಗ್, ಥ್ರಸ್ಟ್ ವಾಷರ್ ಒಟ್ಟಿಗೆ ಬದಲಿಸಿ, ಸೀಲ್ ಕೂಡ. ಸ್ಲೈಡಿಂಗ್ ಗೇರಿನ ಹಲ್ಲಿನ ತುದಿ ನೋಡಿ, ಮೂಲೆ ಉರುಟಾಗಿದ್ದರೆ ಅದೂ ಹೋಯಿತು. ಯೋಕ್ ಆಡುವುದಕ್ಕೆ ಔಟ್‌ಪುಟ್ ಬೇರಿಂಗಿನ ಶಿಮ್, ಅಂದರೆ ಸಂದು ತುಂಬುವ ತೆಳು ತಗಡು, ಸರಿ ಮಾಡಬೇಕು. ಒಂದು ಮಾತು, ಶಾಫ್ಟ್ ಅಳೆಯದೆ ಪಾರ್ಟ್ಸ್ ತರಬೇಡಿ. ಈ ಕೇಸಿನ ಶಾಫ್ಟ್ ವಿಲ್ಲಿಸ್ ಕಾಲದಿಂದ ಮೂರು ದಪ್ಪದಲ್ಲಿ ಬಂದಿದೆ: ಮುಕ್ಕಾಲು ಇಂಚು, ಒಂದೂ ಕಾಲು ಇಂಚು, ನಡುವೆ ಒಂದು ಇಂಚು ಒಂದು ದೊಡ್ಡ ನೂಲು, ಅಂದರೆ ಎಂಟನೇ ಒಂದು ಭಾಗ ಜಾಸ್ತಿ.

ಘಾಟಿಗುರು
ಹೇಗೂ ಬಿಚ್ಚುತ್ತೀರಲ್ಲ, ಸ್ಪ್ರಿಂಗ್ ಒಳ್ಳೆಯದು ಹಾಕಿಸಿ.

ತೋಟದಜೀಪು
ಹಣ್ಣು ಕೊಯ್ಲು ನಡೆಯುತ್ತಿದೆ, ಗಾಡಿ ನಿಲ್ಲಿಸೋ ಹಾಗಿಲ್ಲ. ಅಲ್ಲಿವರೆಗೆ ಹೊಸ ಆಯಿಲ್ ತುಂಬಿ, ಇಳಿಜಾರಿನ ಮೂಟೆ ಟ್ರ್ಯಾಕ್ಟರಿನಲ್ಲಿ ಕಳಿಸುತ್ತೇನೆ. ಹಾಸನ, ಚಿಕ್ಕಮಗಳೂರು ಕಡೆ ಈ ಕೇಸ್ ಬಿಚ್ಚಿ ಗೊತ್ತಿರುವ ಕೈ ಯಾರಾದರೂ ಇದ್ದರೆ ಮೆಸೇಜ್ ಹಾಕಿ.

ಜಿಪ್ಸಿರಾಜ
ವಿಂಚ್ ಫೋಟೋ ಹಾಕಿದ್ದೇನೆ, ನೋಡಿ.